ಕೋಲಿಗೆ ಕಟ್ಟಿದ ಮುಡಿಪು

ಬಾಯಲ್ಲಿ ಶಾವಿಗೆ ಪಾಯಸ ಇರುವಾಗ ಯಾರೂ ಮಾತು ಕೊಡಬಾರದು. ರಂಗನಾಯಕ ಕೊಟ್ಟ. ಅದೂ ಎಲ್ಲಿ? ಗುಂಡ್ಲುಪೇಟೆಯ ಅತ್ತೆ ಮನೆಯಲ್ಲಿ, ಷಡ್ಡಕನ ಪಕ್ಕದ ಎಲೆಗೆ ಕೂತು.

ರಂಗನಾಯಕ ಚಾಮರಾಜನಗರದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಗುಮಾಸ್ತ. ಚಾಮರಾಜನಗರ ಇವತ್ತೋ ನಾಳೆಯೋ ಜಿಲ್ಲೆಯಾಗುತ್ತದೆ ಎಂದು ಊರಿಗೆ ಊರೇ ಕಾಯುತ್ತಿದ್ದ ಕಾಲ ಅದು. ಊರು ದೊಡ್ಡದಾದ ದಿನ ತಾನೂ ತಾನಾಗಿಯೇ ದೊಡ್ಡವನಾಗುತ್ತೇನೆ ಎಂದು ಅವನು ನಂಬಿಕೊಂಡಿದ್ದ. ಷಡ್ಡಕ ಮಾದನಾಯಕನಿಗೆ, ಅಂದರೆ ಹೆಂಡತಿಯ ಅಕ್ಕನ ಗಂಡನಿಗೆ, ಹಾಗೆ ಕಾಯುವ ಕರ್ಮ ಇರಲಿಲ್ಲ. ಅವನು ಗುಂಡ್ಲುಪೇಟೆಯಲ್ಲೇ ಬಸ್ ಕಂಡಕ್ಟರ್. ಅವನು ಸೀಟಿ ಊದಿದರೆ ಬಸ್ಸು ನಿಲ್ಲುತ್ತಿತ್ತು, ಇನ್ನೊಂದು ಸಲ ಊದಿದರೆ ಹೊರಡುತ್ತಿತ್ತು. ಅತ್ತೆ ಮನೆಯಲ್ಲಿ ಸೀಟಿ ಇಲ್ಲದೆಯೂ ಅದೇ ನಡೆಯುತ್ತಿತ್ತು.

ಅವತ್ತು ಅತ್ತೆ ಮಂಗಮ್ಮ ಬಡಿಸುತ್ತಾ ತಮ್ಮ ಹಳೆಯ ಸಂಕಟ ತೆಗೆದರು. ರಂಗನಾಯಕನ ಮಗಳು ಸ್ಪಂದನಾ ಪುಟ್ಟವಳಿದ್ದಾಗ ಜ್ವರ ಬಂದು ಕಣ್ಣು ಬಿಡದೆ ಮಲಗಿದ್ದಳು. ಮಗು ಎದ್ದು ಕೂತರೆ ನಾನೇ ಬಂದು ಒಪ್ಪಿಸುತ್ತೇನೆ ಎಂದು ಮಂಗಮ್ಮ ಹಿಮವದ್ ಗೋಪಾಲಸ್ವಾಮಿಗೆ ಹರಕೆ ಹೊತ್ತು, ಅರಿಶಿನದ ಬಟ್ಟೆಯಲ್ಲಿ ಒಂದು ನಾಣ್ಯ ಕಟ್ಟಿ ಮುಡಿಪು ಎತ್ತಿಟ್ಟಿದ್ದರು. ಮಗು ಎದ್ದು ಕೂತಿತು, ಈಗ ಶಾಲೆಗೂ ಹೋಗುತ್ತಿದೆ. ಅಷ್ಟರಲ್ಲಿ ಮಂಗಮ್ಮನ ಮೊಣಕಾಲು ಕೂತುಬಿಟ್ಟವು. ಹಿತ್ತಲಿಗೆ ಹೋಗಬೇಕಾದರೂ ಯಾರಾದರೂ ಕೈ ಹಿಡಿಯಬೇಕು. ಹಿಂದಿನ ವರ್ಷದ ಶ್ರಾವಣದಲ್ಲಿ ಮಾದನಾಯಕ ಯಾರದೋ ಮಾರುತಿ ವ್ಯಾನು ಮಾಡಿಕೊಂಡು ಕರೆದೊಯ್ದಿದ್ದ. ಬೆಟ್ಟದ ಮೇಲಿನ ಕೆಸರಿನಲ್ಲಿ ವ್ಯಾನು ಹೂತು, ಎಳೆಸಿಕೊಂಡು ವಾಪಸು ಬಂದಿತ್ತು.

"ಸ್ವಾಮಿಗೆ ನನ್ನ ಮೊಕ ನೋಡಕ್ಕೆ ಇಷ್ಟ ಇಲ್ಲ ಕಣಪ್ಪ," ಎಂದರು ಮಂಗಮ್ಮ. "ಮುಡಿಪು ನನ್ನ ಪೆಟ್ಟಿಗೇಲೇ ಉಳ್ಕತದ. ನಾಳೆ ಮಗೀಗೆ ಏನಾರ ಆದ್ರೆ ಯಾರಪ್ಪ ಜವಾಬ್ದಾರಿ?"

"ವ್ಯಾನು ಎಲ್ಲಿ ಅತ್ತುತ್ತೆ ಅತ್ತೆ," ಎಂದ ರಂಗನಾಯಕ, ಪಾಯಸ ನುಂಗುವುದಕ್ಕೂ ಮುಂಚೆ. "ಅದಕ್ಕೆ ಲಾಕ್ ಇರೋ ಜೀಪೇ ಬೇಕು. ಹಿಂದಿನ ಎರಡು ಚಕ್ರಾನೂ ಒಟ್ಟಿಗೆ ತಳ್ಳಬೇಕು. ಈ ಶ್ರಾವಣಕ್ಕೆ ನಾನೇ ಓಡಿಸ್ಕಂಡು ಕರ್ಕಂಡೋಯ್ತೀನಿ ಬುಡಿ."

ಮಾದನಾಯಕನ ಕೈಯ ತುತ್ತು ಎಲೆಗೂ ಬಾಯಿಗೂ ನಡುವೆ ನಿಂತಿತು.

"ಯಾರು, ನೀನಾ?"

"ಊಂ."

"ಜೀಪ?"

"ಜೀಪೇ."

ರಂಗನಾಯಕನ ಹೆಂಡತಿ ಚೆಲುವಾಜಮ್ಮ ಪಾಯಸದ ಪಾತ್ರೆ ಹಿಡಿದು ಬಂದಳು. ಗಂಡ ಮದುವೆಗೆ ಮುಂಚೆ ಅಂಬಾಸಡರ್ ಕಾರಿನಲ್ಲಿ ಕಲಿತು ಲೈಸೆನ್ಸು ಮಾಡಿಸಿದ್ದನೆಂದು ಅವಳಿಗೆ ಗೊತ್ತಿತ್ತು. ಆ ಲೈಸೆನ್ಸಿನ ಫೋಟೋದಲ್ಲಿ ಅವನಿಗೆ ತಲೆತುಂಬ ಕೂದಲಿತ್ತು. ಅಲ್ಲಿಂದೀಚೆಗೆ ಕೂದಲೂ ಹೋಗಿತ್ತು, ಕಲಿತಿದ್ದೂ ಹೋಗಿತ್ತು. ಅವಳು ಅವನ ಎಲೆಗೆ ಇನ್ನೊಂದು ಸೌಟು ಪಾಯಸ ಹಾಕಿದಳು. ಆ ಸೌಟಿನಲ್ಲಿ ಕನಿಕರ ಇತ್ತು.

ಲಾಕಿನ ವಿಷಯ ರಂಗನಾಯಕನಿಗೆ ತಿಳಿದದ್ದು ಗುರುಪಾದಸ್ವಾಮಿಯಿಂದ. ಗುರುಪಾದಸ್ವಾಮಿ ಮಿಲಿಟರಿಯಲ್ಲಿ ಡ್ರೈವರ್ ಆಗಿದ್ದು ನಿವೃತ್ತಿಯಾಗಿ ಬಂದವರು. ಮಾರುಕಟ್ಟೆಯ ಎದುರಿನ ಟೀ ಅಂಗಡಿಯಲ್ಲಿ ದಿನಾ ಕೂರುತ್ತಿದ್ದರು. ಊಟಿ ಕಡೆಯ ಟೀ ತೋಟದವರೊಬ್ಬರು ಲಾಕ್ ಹಾಕಿಸಿಕೊಂಡಿದ್ದ ಹಳೆಯ ಜೀಪೊಂದನ್ನು ಕೊಂಡು, ಅದರ ಗುಣಗಾನವನ್ನು ಟೀ ಕುಡಿಯುವ ಪ್ರತಿಯೊಬ್ಬರಿಗೂ ಮಾಡುತ್ತಿದ್ದರು. ರಂಗನಾಯಕ ಕೇಳಿದ ಕೂಡಲೇ ಕಲಿಸಲು ಒಪ್ಪಿ, ಮರುದಿನ ಸಂಜೆಯೇ ಅವನನ್ನು ಕೆರೆಯಂಗಳಕ್ಕೆ ಕರೆದೊಯ್ದರು. ಅರ್ಧ ಒಣಗಿ ಅರ್ಧ ಕೆಸರಾಗಿದ್ದ ಆ ಅಂಗಳದಲ್ಲಿ ಅಷ್ಟು ಹೊತ್ತಿಗಾಗಲೇ ಎಮ್ಮೆಗಳು ಕಲಿತು ಮುಗಿಸಿ ಮಲಗಿದ್ದವು.

"ಜೋಡೆತ್ತು ನೋಡಿದ್ದೀಯೇನ್ಲಾ?" ಎಂದು ಪಾಠ ಶುರುವಾಯಿತು.

"ನೋಡಿವ್ನಿ ಸಾ."

"ಗಾಡಿ ತಿರುಗಬೇಕಾದ್ರೆ ಒಳಗಿನ ಎತ್ತು ನಿಧಾನ ಮಾಡ್ತದ, ಹೊರಗಿನ ಎತ್ತು ಬಿರಬಿರನೆ ಸುತ್ಕಂಡು ಬತ್ತದ. ಜೀಪಿನ ಹಿಂದಿನ ಚಕ್ರಾನೂ ಅಂಗೇಯ. ಈಗ ಈ ಲಾಕಿನ ಕೋಲು ಎಳೆದೆ ಅನ್ನು. ಎರಡಕ್ಕೂ ಒಂದೇ ಹೆಜ್ಜೆ. ಒಂದು ಕೆಸರಲ್ಲಿ ಸುಮ್ನೆ ಗಿರಗಿರ ಸುತ್ತಕ್ಕೆ ಆಗಲ್ಲ, ಇನ್ನೊಂದು ಕೈಕಟ್ಟಿ ನಿಂತ್ಕಳಕ್ಕೆ ಆಗಲ್ಲ. ತಿಳೀತಾ?"

"ತಿಳೀತು ಸಾ."

"ಕೆಸರು ದಾಟಿದ ಮ್ಯಾಲೆ ಕೋಲು ವಾಪಸ್ ತಳ್ಳಬೇಕು. ಟಾರ್ ರೋಡಲ್ಲಿ ಲಾಕ್ ಹಾಕ್ಕಂಡು ಓದ್ರೆ ಏನಾಯ್ತದ?"

"ತಿರುಗಕ್ಕಿಲ್ಲ ಸಾ. ನೆಟ್ಟಗೆ ಓಯ್ತದ."

"ಶಾಬಾಶ್," ಎಂದರು ಗುರುಪಾದಸ್ವಾಮಿ. ಇದನ್ನು ಇಲ್ಲಿ ಬರೆದಿಡುವುದು ನ್ಯಾಯ. ರಂಗನಾಯಕನಿಗೆ ಗೊತ್ತಿರಲಿಲ್ಲ ಎಂದು ಆಮೇಲೆ ಯಾರೂ ಹೇಳಬಾರದು.

ಬದುಕಿನಲ್ಲಿ ಎಲ್ಲೆಲ್ಲಿ ಸಿಕ್ಕಿಕೊಂಡರೂ ಯಾರಾದರೂ ತಳ್ಳಲಿ ಎಂದು ಕಾದವನು ರಂಗನಾಯಕ. ಅಂಥವನು ಕೆಸರಿನಲ್ಲಿ ನಿಂತ ಜೀಪಿನ ಕೋಲು ಎಳೆದ. ಜೀಪು ಗುರ್ರೆಂದು ತಾನಾಗಿಯೇ ಎದ್ದು ಬಂತು. ಆ ಸುಖಕ್ಕೆ ಅವನು ಸೋತುಹೋದ. ಬೇಕಿದ್ದರೂ ಬೇಡದಿದ್ದರೂ ಕೆಸರಿಗೆ ಇಳಿಸುವುದು, ಕೋಲು ಎಳೆಯುವುದು, ಎದ್ದು ಬರುವುದು. ಮಾರುಕಟ್ಟೆಯಲ್ಲಿ ಗೂಡಿನ ತೂಕ ಬರೆದುಕೊಳ್ಳುವಾಗಲೂ ಎಡಗೈ ಕುರ್ಚಿಯ ಪಕ್ಕದಲ್ಲಿ ಏನನ್ನೋ ಹುಡುಕುತ್ತಿತ್ತು. ಪಾಠ ಮುಗಿಯುವ ವೇಳೆಗೆ ಕೆಸರಿನಲ್ಲಿ ಓಡಿಸುವುದು ಅವನಿಗೆ ಚೆನ್ನಾಗಿ ಬಂದಿತ್ತು. ಕೆಸರಿಲ್ಲದ ಕಡೆ ಓಡಿಸುವುದು ಅಷ್ಟಾಗಿ ಬಂದಿರಲಿಲ್ಲ.

ಶ್ರಾವಣದ ಶನಿವಾರ ಬೆಳಿಗ್ಗೆ, ಗುರುಪಾದಸ್ವಾಮಿಯಿಂದ ಎರವಲು ತಂದ ಜೀಪು ಮಂಗಮ್ಮನ ಮನೆ ಮುಂದೆ ನಿಂತಿತು. ಬೀದಿಯವರೆಲ್ಲ ನೋಡಲು ಬಂದರು. ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟದ್ದಾಯಿತು, ಬಾನೆಟ್ಟಿಗೆ ಚೆಂಡುಹೂವಿನ ಹಾರ ಹಾಕಿ ಧೂಪ ತೋರಿಸಿದ್ದಾಯಿತು. ಮಾದನಾಯಕ ರಜೆ ಹಾಕಿ ಬಂದಿದ್ದ, ಆದರೆ ಸೀಟಿಗೆ ರಜೆ ಕೊಟ್ಟಿರಲಿಲ್ಲ. ಅದು ಅವನ ಕೊರಳಲ್ಲೇ ಇತ್ತು. ಮುಂದಿನ ಸೀಟಿನಲ್ಲಿ ಮಂಗಮ್ಮನನ್ನು ಎತ್ತಿ ಕೂರಿಸಿದರು.

"ಅಳಿಯಂದ್ರೆ, ಯಾನ ಇದು ಕೋಲು?"

ಮಾದನಾಯಕ ಪಕ್ಕದಲ್ಲೇ ನಿಂತಿದ್ದ. ಆದ್ದರಿಂದ ರಂಗನಾಯಕ ಸ್ವಲ್ಪ ಗಟ್ಟಿಯಾಗಿಯೇ ಹೇಳಿದ. "ಇದೇ ಅತ್ತೆ ಈ ಗಾಡಿಯ ಪ್ರಾಣ. ಇದಿಲ್ಲ ಅಂದ್ರೆ ಬೆಟ್ಟ ಇಲ್ಲ, ಸ್ವಾಮಿ ಇಲ್ಲ, ಏನೂ ಇಲ್ಲ. ನೋಡಿ, ಇಂಗೆ ಎಳೆದುಬುಟ್ರೆ ಆಯ್ತು." ಎಂದು ಎಳೆದೇ ತೋರಿಸಿದ.

ಮಂಗಮ್ಮ ಕೋಲನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು. ಆಮೇಲೆ ಮಡಿಲಿನಿಂದ ಹಳದಿ ಬಟ್ಟೆಯ ಮುಡಿಪು ತೆಗೆದು, ಎಳೆದ ಕೋಲಿಗೆ ಇಟ್ಟು, ಅರಿಶಿನದ ದಾರದಿಂದ ಕೋಲನ್ನೂ ಸೀಟಿನ ಕಾಲನ್ನೂ ಸೇರಿಸಿ ಗಂಟಿನ ಮೇಲೆ ಗಂಟು ಹಾಕಿದರು. ಬಾಣಂತಿಯ ತೊಟ್ಟಿಲು, ಹಾಲಿನ ಹಸುವಿನ ಕೊರಳು, ಇವಕ್ಕೆಲ್ಲ ಹಾಕಿ ಪಳಗಿದ ಕೈ ಅದು.

"ಪ್ರಾಣ ಅಂದ ಮ್ಯಾಲೆ ಭದ್ರವಾಗಿರ್ಲಿ. ಸ್ವಾಮಿ ಬಾಗ್ಲಲ್ಲಿ ನಾನೇ ಬಿಚ್ಚೋದು. ಅಲ್ಲೀಗಂಟ ಯಾರೂ ಮುಟ್ಟಂಗಿಲ್ಲ. ಮಗೀನ ಮುಡಿಪು."

ಇಲ್ಲಿ ರಂಗನಾಯಕ ಬಾಯಿ ಬಿಡಬೇಕಿತ್ತು. ಬಿಟ್ಟ ಕೂಡ. ಅಷ್ಟರಲ್ಲಿ ಮಾದನಾಯಕ ಬಗ್ಗಿ ನೋಡಿ, "ಯಾನ್ಲಾ ರಂಗ, ಮೊಕ ಇಂಗಾಯ್ತು? ಓಡ್ಸಕ್ಕೆ ಬರಲ್ವಾ?" ಎಂದ.

"ಧೂಪದ ಹೊಗೆ ಕಣಣ್ಣ," ಎಂದ ರಂಗನಾಯಕ, ಬಾಯಿ ಮುಚ್ಚಿ ಗೇರು ಹಾಕಿದ.

ಮಾದನಾಯಕ ಹಿಂದೆ ಹೆಂಗಸರು, ಸ್ಪಂದನಾ ಇವರ ಜೊತೆ ಹತ್ತಿ ಸೀಟಿ ಊದಿ "ರೈಟ್" ಎಂದ. ನಿಂಬೆಹಣ್ಣುಗಳು ಸಿಡಿದವು. ಬೀದಿಯ ಕೊನೆಗೆ ಎಡಕ್ಕೆ ತಿರುಗಬೇಕು. ಸಣ್ಣಗೆ ಮಳೆ ಬಿದ್ದು ಟಾರು ನುಣುಪಾಗಿತ್ತು. ರಂಗನಾಯಕ ಸ್ಟಿಯರಿಂಗು ಎಡಕ್ಕೆ ತಿರುಗಿಸಿದ, ಮುಂದಿನ ಚಕ್ರಗಳೂ ಎಡಕ್ಕೆ ತಿರುಗಿದವು, ಹಿಂದಿನ ಎರಡು ಚಕ್ರಗಳು ಮಾತ್ರ ಜೀಪನ್ನು ನೆಟ್ಟಗೆ ತಳ್ಳಿದವು. ಅದು ಕೀಚ್ ಎನ್ನುತ್ತಾ ಎದುರಿಗಿದ್ದ ಪುಟ್ಟಸಿದ್ದಮ್ಮನ ಅಂಗಳಕ್ಕೆ ಹೋಗಿ, ರಂಗೋಲಿಯ ಮೇಲೆ, ಕೋಳಿಗೂಡಿಗೆ ಮೂಗು ತಾಗಿಸಿ ನಿಂತಿತು.

"ಹೋಲ್ಡಾನ್," ಎಂದ ಮಾದನಾಯಕ, ನಿಂತ ಮೇಲೆ.

ಪುಟ್ಟಸಿದ್ದಮ್ಮ ಕೈಯಲ್ಲಿ ಪೊರಕೆ ಹಿಡಿದೇ ಹೊರಬಂದರು. "ಯಾನ ಮಂಗಕ್ಕ, ಅಳೀದೇವ್ರು ನೇರವಾಗಿ ಒಳಗೇ ಬಂದವ್ರಲ್ಲ. ಕಾಪಿ ಕಾಯಿಸ್ಲಾ?"

ಮಂಗಮ್ಮ ಒಂದು ಗಳಿಗೆ ಕೋಲನ್ನು ನೋಡಿದರು, ಒಂದು ಗಳಿಗೆ ಪುಟ್ಟಸಿದ್ದಮ್ಮನನ್ನು ನೋಡಿದರು. "ಸಿದ್ದಮ್ಮ, ನಿನ್ನ ಬುಟ್ಟೋಯ್ತಿದ್ದೆ ಕಣೆ. ಸ್ವಾಮಿಗೆ ಇಷ್ಟ ಇಲ್ಲ. ಅದಕ್ಕೇ ಗಾಡಿ ನಿನ್ನ ಬಾಗ್ಲಿಗೆ ಎಳ್ಕಬಂದ. ಸೀರೆ ಉಟ್ಕಂಡು ಅತ್ತು."

ಪುಟ್ಟಸಿದ್ದಮ್ಮ ಪೊರಕೆ ಬಿಸಾಕಿ ಹೊಸ ಸೀರೆ ಉಟ್ಟು ಹತ್ತಿದರು. ಜೀಪು ಹಿಂದೆ ಮುಂದೆ, ಹಿಂದೆ ಮುಂದೆ ಎಳೆದಾಡಿ ಹೇಗೋ ಬೀದಿಗೆ ಬಂತು. ಊಟಿ ರಸ್ತೆಗೆ ಸೇರುವಲ್ಲಿ ಮತ್ತೆ ತಿರುವು. ಜೀಪು ಮತ್ತೆ ತಿರುಗದೆ, ರಸ್ತೆಯನ್ನು ಅಡ್ಡ ದಾಟಿ, ಕೊಡೆ ಹಿಡಿದು ನಿಂತಿದ್ದ ಪೊಲೀಸ್ ಪೇದೆ ಶಿವರುದ್ರಸ್ವಾಮಿಯ ಹೊಟ್ಟೆಯ ಮುಂದೆ ನಿಂತಿತು.

"ಏನ್ರೀ ಇದು, ನನ್ನ ಮ್ಯಾಲೇ ಅತ್ತಿಸ್ಬೇಕು ಅಂತಿದ್ದೀರಾ?"

"ಇಲ್ಲ ಕಣಪ್ಪ," ಎಂದರು ಮಂಗಮ್ಮ ನಿರಾಳವಾಗಿ, "ನೀನೂ ಬಾ ಅಂತ ಸ್ವಾಮಿ ಅಪ್ಪಣೆ ಆಗದ. ಗೋಪಾಲಸ್ವಾಮಿ ಬೆಟ್ಟಕ್ಕೆ."

ಶಿವರುದ್ರಸ್ವಾಮಿ ಆಗಷ್ಟೇ ಡ್ಯೂಟಿ ಮುಗಿಸಿ ಮನೆಗೆ ಹೊರಟಿದ್ದ. ಪೊಲೀಸು ಕೆಲಸಕ್ಕೆ ಸೇರಿದಂದಿನಿಂದ ಅವನನ್ನು ಯಾರೂ ಇಷ್ಟು ಪ್ರೀತಿಯಿಂದ ಎಲ್ಲಿಗೂ ಕರೆದಿರಲಿಲ್ಲ. ಕೊಡೆ ಮಡಚಿ ಹತ್ತಿದ. ಹತ್ತಿದ ಮೇಲೆ ಲೈಸೆನ್ಸು ಕೇಳಿ, ಫೋಟೋ ನೋಡಿ, "ಇದು ನಿಮ್ಮ ತಮ್ಮಂದಾ?" ಎಂದ.

ಹಂಗಳದವರೆಗೆ ರಸ್ತೆ ಬಹುಪಾಲು ನೆಟ್ಟಗೆ. ನೆಟ್ಟಗಿರುವುದರಲ್ಲಿ ಆ ಜೀಪನ್ನು ಮೀರಿಸುವವರಿರಲಿಲ್ಲ. ಈ ಅವಕಾಶದಲ್ಲಿ ರಂಗನಾಯಕ ಎಡಗೈಯನ್ನು ಮೆಲ್ಲಗೆ ಕೆಳಗಿಳಿಸಿ ಗಂಟು ಹುಡುಕಿದ. ಮೊದಲನೆಯ ಗಂಟು ಸಡಿಲವಾಗುವ ಹೊತ್ತಿಗೆ ಆ ಕೈಯ ಮೇಲೆ ಇನ್ನೊಂದು ಕೈ ಬಿತ್ತು.

"ಅಳಿಯಂದ್ರೆ."

"ಅತ್ತೆ?"

"ಮುಡಿಪಿನ ದುಡ್ಡು ಒಂದೇ ಒಂದು ರೂಪಾಯಿ ಕಣಪ್ಪ. ಅಷ್ಟೊಂದು ಕಷ್ಟ ಇದ್ರೆ ನನ್ನ ಕೇಳ್ಬಾರ್ದಾ?"

ಹಿಂದಿನ ಸೀಟಿನವರೆಲ್ಲ ಮುಂದಕ್ಕೆ ಬಗ್ಗಿದರು. ಪೊಲೀಸಿನವನ ಎದುರಿಗೇ ಹರಕೆಯ ಹಣಕ್ಕೆ ಕೈ ಹಾಕಿದ ಅಳಿಯ ಎಂದು ರಂಗನಾಯಕನ ಬೆನ್ನು ತನಗೆ ತಾನೇ ಬಿಸಿಯಾಯಿತು. ಚೆಲುವಾಜಮ್ಮ ಸೆರಗು ಬಾಯಿಗೆ ಹಿಡಿದು, "ಯಾಕ್ರೀ, ಮನೇಲಿ ದುಡ್ಡು ಇರಲಿಲ್ವಾ?" ಎಂದಳು. ಅವನು ಎರಡೂ ಕೈಯನ್ನು ಸ್ಟಿಯರಿಂಗಿಗೆ ಅಂಟಿಸಿದ.

ಹಂಗಳದಲ್ಲಿ ಬೆಟ್ಟದ ದಾರಿಗೆ ಬಲಕ್ಕೆ ಹೊರಳಬೇಕು. ಜೀಪು ಹೊರಳದೆ ಮುಂದಕ್ಕೆ ಹೋಗಿ, ರಸ್ತೆ ಪಕ್ಕದ ಬೀಳು ಹೊಲಕ್ಕೆ ಇಳಿಯಿತು. ನೆನೆದ ಮಣ್ಣು. ಮಣ್ಣಿನ ಮೇಲೆ ಚಕ್ರ ಜಾರಿ ಜಾಗ ಕೊಟ್ಟದ್ದರಿಂದ, ರಂಗನಾಯಕ ಕೆರೆಯಂಗಳದಲ್ಲಿ ಮಾಡಿದ ಹಾಗೆ ದೊಡ್ಡದೊಂದು ಸುತ್ತು ಹೊಡೆದು, ಕೆಸರು ಚಿಮ್ಮಿಸುತ್ತಾ ಬೆಟ್ಟದ ದಾರಿಗೆ ಏರಿಸಿದ.

"ಅಬ್ಬ, ಒಳ್ಳೇ ಕೈ ಕಣ್ರೀ," ಎಂದ ಶಿವರುದ್ರಸ್ವಾಮಿ. ಮಾದನಾಯಕ ಕೂಡ ತಲೆ ಆಡಿಸಿದ. ಆ ದಿನ ರಂಗನಾಯಕ ಅನುಭವಿಸಿದ ಗೌರವ ಅಷ್ಟೇ. ಅರಣ್ಯ ಇಲಾಖೆಯ ಗೇಟಿನವರೆಗೂ ಅದು ಉಳಿದಿತ್ತು.

ಗೇಟಿನ ಗಾರ್ಡು, "ಮ್ಯಾಲೆ ಮಳೆ ಉಯ್ದದೆ, ಕೆಸರದ. ಆನೆ ಬೇರೆ ಅವ, ನಡುವೆ ಇಳೀಬ್ಯಾಡಿ," ಎಂದು ಬಿಟ್ಟ. ಬೆಟ್ಟದ ರಸ್ತೆ ಹಾವಿನ ಹಾಗೆ ಮಡಚಿ ಮಡಚಿ ಏರಿತ್ತು. ಮೊದಲ ಮಡಿಕೆಯಲ್ಲಿ ಜೀಪು ಬಂಡೆಯ ಕಡೆಗೆ ಹೋಯಿತು. ಪರವಾಗಿಲ್ಲ, ಅದು ಬಂಡೆ. ಎರಡನೆಯದರಲ್ಲಿ ಬಂಡೆ ಒಳಗಡೆಗಿತ್ತು, ಹೊರಗಡೆ ಮೋಡ ಮಾತ್ರ ಇತ್ತು. ರಂಗನಾಯಕ ಸ್ಟಿಯರಿಂಗನ್ನು ಪೂರ್ತಿ ತಿರುಗಿಸಿದ. ಜೀಪು ಮೋಡದ ಕಡೆಗೇ ಹೊರಟಿತು. ಮಾದನಾಯಕ ಸೀಟಿಯನ್ನು ಬಾಯಿಗೆ ತುರುಕಿ ಊದಿದ, ಊದುತ್ತಲೇ ಇದ್ದ. ಪುಟ್ಟಸಿದ್ದಮ್ಮ ಗೋವಿಂದಾ ಎಂದರು. ಅಂಚಿನ ಕಲ್ಲಿಗೆ ಬಂಪರು ತಾಗಿ ಜೀಪು ನಿಂತಿತು. ಕೆಳಗೆ ಕಾಡು ಹಸಿರು ಹಾಸಿಗೆಯ ಹಾಗೆ ಹರಡಿತ್ತು, ಆದರೆ ಮಲಗುವ ಮನಸ್ಸು ಯಾರಿಗೂ ಇರಲಿಲ್ಲ.

"ಅಪ್ಪ, ಇಲ್ಲಿ ಯಾರನ್ನ ಅತ್ತಿಸ್ಕಬೇಕು?" ಎಂದಳು ಸ್ಪಂದನಾ.

ಮಗಳ ಮುಖ ನೋಡಿದ ರಂಗನಾಯಕನಿಗೆ ಮರ್ಯಾದೆಯ ಆಸೆ ಬಿಟ್ಟುಹೋಯಿತು.

"ಅತ್ತೆ, ಆ ಕೋಲು ಪ್ರಾಣ ಅಲ್ಲ," ಎಂದ. "ಅದು ಕೆಸರಿಗೆ ಮಾತ್ರ. ಟಾರಲ್ಲಿ ಎಳ್ಕಂಡಿದ್ರೆ ಗಾಡಿ ತಿರುಗಲ್ಲ. ಸಿದ್ದಮ್ಮನ ಮನೆಗೆ ಓಗಿದ್ದು, ಪೊಲೀಸ್ನೋರ ಮ್ಯಾಲೆ ಓಗಿದ್ದು, ಎಲ್ಲಾ ಅದ್ರಿಂದ್ಲೇಯ. ಬಿಚ್ಚಬೇಕು."

"ನಿಂಗೆ ಮೊದ್ಲೇ ಗೊತ್ತಿತ್ತಾ?" ಎಂದ ಮಾದನಾಯಕ ಸೀಟಿ ತೆಗೆದು.

"ಗೊತ್ತಿತ್ತು."

"ಮತ್ತೆ ಯಾಕ್ಲಾ ಏಳಲಿಲ್ಲ?"

"ನೀನು ಪಕ್ಕದಲ್ಲೇ ನಿಂತಿದ್ದಲ್ಲಣ್ಣ."

ಮಾದನಾಯಕ ಸೀಟಿಯನ್ನು ಅಂಗಿಯೊಳಕ್ಕೆ ಇಳಿಬಿಟ್ಟ. ಪುಟ್ಟಸಿದ್ದಮ್ಮ ನಡುವೆ ಬಾಯಿ ಹಾಕಿದರು: "ಅಂಗಾರೆ ನನ್ನ ಕರೆದದ್ದು ಸ್ವಾಮಿ ಅಲ್ವಾ? ರಂಗೋಲಿ ಅಳಿಸಿದ್ದು ದಂಡಕ್ಕಾ?" ಶಿವರುದ್ರಸ್ವಾಮಿಯೂ ಮುಖ ಸಣ್ಣದು ಮಾಡಿಕೊಂಡ. ಯಾರೂ ಕರೆಯದೆ ಬಂದವನಾಗಿಬಿಟ್ಟನಲ್ಲ.

ಮುಡಿಪು ನಡುದಾರಿಯಲ್ಲಿ ಬಿಚ್ಚಬಹುದೇ ಎಂಬ ಪ್ರಶ್ನೆ ಎದ್ದಿತು. ಜೀಪಿನ ಮೂತಿ ಪ್ರಪಾತಕ್ಕೆ ಚಾಚಿಕೊಂಡಿರುವಾಗ ಹೆಂಗಸರು ಸಮಾಧಾನವಾಗಿ ಚರ್ಚಿಸಿದರು. ಕೊನೆಗೆ ಮಂಗಮ್ಮ ಗಂಟುಗಳನ್ನು ಬಿಚ್ಚಿ, ಮುಡಿಪನ್ನು ನೆಲಕ್ಕೆ ತಾಗಿಸದೆ ರಂಗನಾಯಕನ ಎಡಗೈ ಮಣಿಕಟ್ಟಿಗೆ ಕಟ್ಟಿದರು.

"ಮಗು ನಿಮ್ಮದು, ಮುಡಿಪೂ ನಿಮ್ಮ ಕೈಲೇ ಇರ್ಲಿ. ಆದ್ರೆ ಆ ಕೋಲು ಇನ್ನು ಮುಟ್ಟಬ್ಯಾಡಿ. ಅದು ಸರಿ ಇಲ್ಲ."

ಕೋಲು ಹಿಂದಕ್ಕೆ ಹೋಯಿತು. ಜೀಪು ಹಿಂದೆ ಸರಿದು, ಸಾಧು ಹಸುವಿನ ಹಾಗೆ ತಿರುಗಿತು. ಮುಂದಿನ ಮಡಿಕೆಯಲ್ಲೂ ತಿರುಗಿತು. ರಂಗನಾಯಕ ಉಸಿರು ಬಿಟ್ಟ. ದೇವಸ್ಥಾನದ ಗಂಟೆ ಕೇಳುವಷ್ಟು ಹತ್ತಿರ ಬಂದಾಗ ಟಾರು ಮುಗಿದು ಕೆಸರು ಶುರುವಾಯಿತು. ಹೋದ ವರ್ಷ ವ್ಯಾನು ಹೂತದ್ದು ಅಲ್ಲೇ. ಜೀಪಿನ ಹಿಂದಿನ ಎಡ ಚಕ್ರ ಗಿರಗಿರ ಸುತ್ತಿತು, ಬಲ ಚಕ್ರ ಕೈಕಟ್ಟಿ ನಿಂತಿತು.

"ಈಗ ಎಳೀಬೇಕು," ಎಂದ ರಂಗನಾಯಕ.

"ಮುಟ್ಟಬ್ಯಾಡ," ಎಂದಿತು ಇಡೀ ಜೀಪು.

"ಇಲ್ಲ, ಇದು ಕೆಸರು. ಇದಕ್ಕೇ ಅದು ಇರೋದು. ನಾನು ಕಲ್ತಿರೋದೇ ಇದೊಂದು."

"ಬೆಳಗ್ಗೆ ಪ್ರಾಣ ಅಂದೆ, ಈಗ ಪ್ರಾಣ ಅಲ್ಲ ಅಂದೆ," ಎಂದ ಮಾದನಾಯಕ. "ಇನ್ನೊಂದು ಸಲ ಏನಂದೀಯೋ ನೋಡ್ಕಂಡು ಕೂತ್ಕಳಕ್ಕಾಗಲ್ಲ, ನಂಗೆ ಹೆಂಡ್ರು ಮಕ್ಳು ಅವ್ರೆ. ಇಳೀರಿ ಎಲ್ಲ, ತಳ್ಳನ."

ಎಲ್ಲರೂ ಚಪ್ಪಲಿ ಬಿಟ್ಟು ಇಳಿದು ತಳ್ಳಿದರು. ಚಕ್ರ ಸುತ್ತಿ ಶಿವರುದ್ರಸ್ವಾಮಿಯ ಖಾಕಿಯನ್ನು ಕೆಂಪು ಮಾಡಿತು. ಜೀಪು ಇನ್ನಷ್ಟು ಇಳಿಯಿತು. ಒಳಗೆ ಉಳಿದವರು ರಂಗನಾಯಕ ಮತ್ತು ಇಳಿಯಲಾರದ ಮಂಗಮ್ಮ.

"ಅತ್ತೆ, ನಿಮ್ಮ ದಮ್ಮಯ್ಯ," ಎಂದ ಅವನು ತಗ್ಗಿದ ದನಿಯಲ್ಲಿ. "ನೀವೊಬ್ರು ಊಂ ಅನ್ನಿ. ಒಂದೇ ಸಲ ಎಳೀತೀನಿ. ಸ್ವಾಮಿ ಬಾಗ್ಲಿಗೇ ಓಯ್ತದ."

ಮಂಗಮ್ಮ ಅವನ ಮುಖ ನೋಡಿದರು. ಕೋಲು ನೋಡಿದರು. ಎಡಗಡೆಯ ಕಣಿವೆ ನೋಡಿದರು. ಆಮೇಲೆ ಯಾರ ಕೈಯನ್ನೂ ಹಿಡಿಯದೆ, ಮೊದಲು ಒಂದು ಕಾಲು, ಆಮೇಲೆ ಇನ್ನೊಂದು ಕಾಲು, ಜೀಪಿನಿಂದ ಇಳಿದೇಬಿಟ್ಟರು.

"ಅವ್ವಾ, ಕಾಲು," ಎಂದಳು ಚೆಲುವಾಜಮ್ಮ.

"ಕಾಲಿದ್ರೆ ತಾನೆ ನೋವು. ನಾನು ನಡ್ಕಂಡೇ ಓಯ್ತೀನಿ ಕಣಮ್ಮಿ."

"ಆನೆ ಬತ್ತವ ಕಣಮ್ಮ," ಎಂದ ಪೇದೆ.

"ಆನೆ ಬಂದ್ರೆ ಗೋಪಾಲಸ್ವಾಮಿ ನೋಡ್ಕತನೆ. ಈ ಜೀಪಲ್ಲಿ ಕೂತ್ರೆ ಯಾರಪ್ಪ ನೋಡ್ಕಳೋರು?"

ಕೆಸರಿನಲ್ಲಿ ಬರಿಗಾಲಿನಲ್ಲಿ, ಸೀರೆ ಎತ್ತಿ ಕಟ್ಟಿ, ಮಂಗಮ್ಮ ನಡೆದರು. ಮೊದಲು ಕುಂಟುತ್ತಾ, ಆಮೇಲೆ ಹಿಂದೆ ಜೀಪಿನ ಇಂಜಿನ್ನು ಗುರ್ರೆಂದಾಗಲೆಲ್ಲ ಸ್ವಲ್ಪ ಬೇಗ. ಉಳಿದವರು ಆಶ್ಚರ್ಯಕ್ಕೆ ಬಾಯಿ ತೆರೆದುಕೊಂಡು, ಬೀಳುತ್ತಾರೇನೋ ಎಂದು ಕೈ ಚಾಚಿಕೊಂಡು ಹಿಂದೆಯೇ ಹೋದರು. ಯಾರೂ ತಿರುಗಿ ನೋಡಲಿಲ್ಲ.

ಆಗ ರಂಗನಾಯಕ ಮುಡಿಪಿಲ್ಲದ ಬಲಗೈಯನ್ನು ಅಡ್ಡ ಚಾಚಿ ಕೋಲು ಎಳೆದ. ಮೆಲ್ಲಗೆ ಕ್ಲಚ್ಚು ಬಿಟ್ಟ. ಎರಡು ಚಕ್ರಗಳೂ ಒಂದೇ ಹೆಜ್ಜೆ ಹಾಕಿ, ಅಷ್ಟು ಜನ ತಳ್ಳಿದರೂ ಜಗ್ಗದ ಜೀಪು ಬೆಣ್ಣೆಯಿಂದ ಕೂದಲು ಎಳೆದ ಹಾಗೆ ಎದ್ದು ಬಂತು. ಗಟ್ಟಿ ನೆಲ ಸಿಕ್ಕಿದ ಕೂಡಲೇ ಅವನು ಕೋಲನ್ನು ಕ್ರಮವಾಗಿ ವಾಪಸು ತಳ್ಳಿದ. ಗುರುಪಾದಸ್ವಾಮಿ ನೋಡಿದ್ದರೆ ಸಲ್ಯೂಟ್ ಹೊಡೆಯುತ್ತಿದ್ದರು. ನೋಡಿದ್ದು ಒಂದು ಮುಸುವ. ಅದು ತೊಡೆ ಕೆರೆದುಕೊಂಡು ಮರ ಹತ್ತಿತು.

ಅವನು ಮೇಲೆ ತಲುಪಿದಾಗ ಮಂಗಮ್ಮ ದೇವಸ್ಥಾನದ ಮೆಟ್ಟಿಲನ್ನೂ ಹತ್ತಿ ಬಾಗಿಲಲ್ಲಿ ನಿಂತಿದ್ದರು. ಕಣ್ಣಲ್ಲಿ ನೀರಿತ್ತು. ಅವನ ಮಣಿಕಟ್ಟಿನಿಂದ ಮುಡಿಪು ಬಿಚ್ಚಿ, ಮೊಮ್ಮಗಳ ಕೈಗೆ ಕೊಟ್ಟು ಹುಂಡಿಗೆ ಹಾಕಿಸಿದರು. "ನಾನು ಕೆಸರು ದಾಟಿಸ್ಕಂಡು ಬಂದೆ ಅತ್ತೆ, ಒಬ್ನೇ," ಎಂದ ರಂಗನಾಯಕ. "ಊಂ, ತೀರ್ಥ ತಕಳಿ," ಎಂದರು ಮಂಗಮ್ಮ. ಇಳಿಯುವಾಗ ಎಲ್ಲರೂ ನಡೆದೇ ಇಳಿದರು. ಜೀಪಿನಲ್ಲಿ ಅವರ ಚಪ್ಪಲಿಗಳು ಮಾತ್ರ ಬಂದವು.

ಅತ್ತೆ ಮಾತ್ರ ಕೃತಘ್ನರಲ್ಲ. ಸಂತೆಯಲ್ಲಿ, ನಲ್ಲಿಯ ಮುಂದೆ, ಕೇಳಿದವರಿಗೂ ಕೇಳದವರಿಗೂ ಅವರು ಹೇಳಿದ್ದು ಒಂದೇ: "ಡಾಕ್ಟ್ರ ಕೈಲಿ ಆಗ್ನಿಲ್ಲ. ನನ್ನ ಕಿರಿ ಅಳಿಯ ನಡೆಸ್ಬುಟ್ಟ." ಕಂಡಕ್ಟರ್ ಮಾದನಾಯಕ ಆ ಸುದ್ದಿಯನ್ನು, ಪೂರ್ತಿ ಒಳ್ಳೆಯ ಉದ್ದೇಶದಿಂದಲ್ಲದಿದ್ದರೂ, ಬಸ್ಸು ಹೋಗುವ ಊರಿಗೆಲ್ಲ ಮುಟ್ಟಿಸಿದ.

ಒಂದು ಬೆಳಿಗ್ಗೆ ರಂಗನಾಯಕ ಮಾರುಕಟ್ಟೆಗೆ ಬಂದಾಗ ಗೇಟಿನ ಬಳಿ ಎತ್ತಿನ ಗಾಡಿಯೊಂದು ನಿಂತಿತ್ತು. ಗಾಡಿಯಲ್ಲಿ ಹುಲ್ಲಿನ ಮೇಲೆ ಮುದುಕರೊಬ್ಬರು ಕಾಲು ಚಾಚಿ ಮಲಗಿದ್ದರು. ಕುದೇರಿನಿಂದ ಬಂದಿದ್ದ ಅವರ ಮಗ ಟವಲು ತೆಗೆದು ಕೈ ಮುಗಿದ.

"ನಮ್ಮಪ್ಪಂಗೂ ಮಂಡಿ ನೋವು ಸಾ. ಎದ್ದು ನಿಂತು ವರ್ಷ ಆಯ್ತು. ನಿಮ್ಮ ಜೀಪಲ್ಲಿ ಒಂದ್ಸಲ ಕೂರಿಸ್ಕಂಡು ಓಗಬೇಕು."

"ಬೆಟ್ಟದಗಂಟ ಕರ್ಕಂಡೋಗಬೇಕಾ?" ಎಂದ ರಂಗನಾಯಕ, ಒಳಗೊಳಗೇ ಉಬ್ಬಿ.

"ಅಯ್ಯೋ, ಅಷ್ಟು ದೂರ ಯಾಕೆ ಸಾ," ಎಂದ ಕುದೇರಿನವನು. "ಎರಡು ತಿರುವು ಸಾಕು. ಆಮ್ಯಾಕೆ ಅವ್ರೇ ಇಳ್ಕಂಡು ನಡ್ಕಬತ್ತರೆ."